ಕಥೆ ನಿಂತ ಜಾಗದಲ್ಲಿ ಮನೆ ಕಟ್ಟಿದವರು

(ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಹಳೆಯ ವೈಜ್ಞಾನಿಕ ಕಥಾಸರಣಿಗಳಿಗೆ ಬಂದ ಹೊಸ ಮುಂದುವರಿಕೆಗಳನ್ನು ಅಭಿಮಾನಿಗಳು ಹೇಗೆ ಬರಮಾಡಿಕೊಂಡರು ಎಂಬುದನ್ನು ಆ ಕಥೆಗಳ ಗುಟ್ಟು ಬಿಟ್ಟುಕೊಡದೆ ಹೇಳಲು ನನ್ನಿಂದಾಗದು. ‘ಡ್ಯೂನ್’, ‘ಫೌಂಡೇಶನ್’, ‘ಸ್ಟಾರ್ ವಾರ್ಸ್’ ಮೂರರ ಕೊನೆಗಳೂ ಇಲ್ಲಿ ಬರುತ್ತವೆ. ಇನ್ನೂ ಓದದವರು, ನೋಡದವರು ಈಗಲೇ ಎದ್ದು ಹೊರಟರೂ ನನಗೆ ಬೇಸರವಿಲ್ಲ.

ಫ್ರಾಂಕ್ ಹರ್ಬರ್ಟ್ ಅವರ ಆರನೆಯ ಡ್ಯೂನ್ ಕಾದಂಬರಿ ‘ಚಾಪ್ಟರ್‌ಹೌಸ್: ಡ್ಯೂನ್’ 1985ರಲ್ಲಿ ಬಂತು. ಅದರ ಕೊನೆಯಲ್ಲಿ ಒಂದು ನೌಕೆ, ಯಾರ ಶೋಧಕ್ಕೂ ಸಿಗದ ನೌಕೆ, ಎಲ್ಲಿಗೆಂದು ತನಗೂ ತಿಳಿಯದೆ ಬಾಹ್ಯಾಕಾಶದ ಗುರುತಿಲ್ಲದ ಮೂಲೆಗೆ ಹೊರಟುಹೋಗುತ್ತದೆ. ಅದರ ಬೆನ್ನಿಗೇ ಒಂದು ಪುಟ್ಟ ಅಧ್ಯಾಯ. ಡೇನಿಯಲ್ ಮತ್ತು ಮಾರ್ಟಿ ಎಂಬ ವಯಸ್ಸಾದ ಗಂಡ ಹೆಂಡತಿ, ತೋಟದ ಕೆಲಸ ಮಾಡಿಕೊಂಡಿರುವ ಸಾಧಾರಣ ಜನರಂತೆ ಕಾಣುವವರು, ಆ ನೌಕೆ ತಮ್ಮ ಬಲೆಯಿಂದ ತಪ್ಪಿಸಿಕೊಂಡಿತಲ್ಲ ಎಂದು ಮಾತಾಡಿಕೊಳ್ಳುತ್ತಾರೆ. ಅವರು ಯಾರು, ಅವರಿಗೆ ಈ ಶಕ್ತಿ ಎಲ್ಲಿಂದ ಬಂತು, ನೌಕೆ ಎಲ್ಲಿ ತಲುಪಿತು? ಯಾವುದಕ್ಕೂ ಉತ್ತರವಿಲ್ಲ. ಪುಟ ತಿರುಗಿಸಿದರೆ ಸಿಗುವುದು ತೀರಿಹೋದ ಪತ್ನಿ ಬೆವರ್ಲಿಯನ್ನು ನೆನೆದು ಹರ್ಬರ್ಟ್ ಬರೆದ ಕೆಲವು ಮಾತುಗಳು. 1986ರ ಫೆಬ್ರವರಿಯಲ್ಲಿ ಅವರೂ ತೀರಿಕೊಂಡರು.

ನಾನು ಆ ಪುಸ್ತಕ ಹಿಡಿಯುವ ಹೊತ್ತಿಗೆ ಲೇಖಕರು ಹೋಗಿ ವರ್ಷಗಳೇ ಆಗಿದ್ದವು. ಏಳನೆಯದು ಅವರ ಕೈಯಿಂದ ಬರುವುದಿಲ್ಲ ಎಂದು ತಿಳಿದೇ ಓದಿದೆ. ಆದರೂ ಕೊನೆಯ ಪುಟ ಮುಗಿದಾಗ, ಇನ್ನೂ ಮಾತು ಮುಗಿಸದ ಒಬ್ಬರು ಎದುರಿನ ಕುರ್ಚಿಯಿಂದ ಎದ್ದುಹೋದಂತೆ ಆಯಿತು. ಆಮೇಲೆ ಏನು ಮಾಡಿದೆ? ಎಲ್ಲರೂ ಮಾಡಿದ್ದನ್ನೇ ಮಾಡಿದೆ. ಮೊದಲಿನಿಂದ ಮತ್ತೆ ಓದಿದೆ. ಆ ಮುದುಕ ಮುದುಕಿಯ ಒಂದೊಂದು ಮಾತನ್ನೂ ಬರೆದಿಟ್ಟುಕೊಂಡೆ. ಫೇಸ್ ಡ್ಯಾನ್ಸರ್‌ಗಳು, ಅಂದರೆ ಬೇರೆಯವರ ರೂಪ ತಾಳಬಲ್ಲ ಕೃತಕ ಜೀವಿಗಳು, ತಮ್ಮ ಒಡೆಯರ ಹಿಡಿತದಿಂದ ಸ್ವತಂತ್ರರಾಗಬಲ್ಲರು ಎಂಬುದನ್ನು ಆ ಒಡೆಯರಿಗೆ ಒಪ್ಪಲು ಎಷ್ಟು ಕಷ್ಟ ಎಂಬ ಅರ್ಥದ ಒಂದು ಮಾತು ಅವರ ಸಂಭಾಷಣೆಯಲ್ಲಿ ಬರುತ್ತದೆ. ಅಂದರೆ ಇವರು ಕಂಡವರ ರೂಪ, ನೆನಪು ಎರಡನ್ನೂ ಹೀರಿಕೊಂಡು ಬೆಳೆದು, ತಮ್ಮನ್ನು ಸೃಷ್ಟಿಸಿದವರನ್ನೇ ಮೀರಿದ ಜೀವಿಗಳು. ನನಗೆ ಹಾಗೆ ಅನ್ನಿಸಿತು. ಲೋಕದ ತುಂಬ ಎಷ್ಟೋ ಓದುಗರಿಗೆ ಹಾಗೆಯೇ ಅನ್ನಿಸಿತ್ತು ಎಂದು ಆಮೇಲೆ ತಿಳಿಯಿತು.

2006ರಲ್ಲಿ ಏಳನೆಯ ಕಥೆ ಬಂದೇ ಬಂತು. ಬರೆದವರು ಹರ್ಬರ್ಟ್ ಅವರ ಮಗ ಬ್ರಯಾನ್ ಹರ್ಬರ್ಟ್ ಮತ್ತು ಕೆವಿನ್ ಜೆ. ಆಂಡರ್ಸನ್. ಅದಕ್ಕೂ ಮೊದಲು, 1999ರಿಂದ, ಅವರಿಬ್ಬರೂ ಡ್ಯೂನ್‌ನ ಹಿಂದಿನ ಕಾಲದ ಕಥೆಗಳನ್ನು ಸಾಲುಸಾಲಾಗಿ ಬರೆದಿದ್ದರು. ಫ್ರಾಂಕ್ ಹರ್ಬರ್ಟ್ ಬ್ಯಾಂಕ್ ಲಾಕರ್‌ನಲ್ಲಿ ಇಟ್ಟಿದ್ದ ಫ್ಲಾಪಿ ಡಿಸ್ಕ್‌ಗಳಲ್ಲಿ ಏಳನೆಯ ಪುಸ್ತಕದ ಟಿಪ್ಪಣಿ ಸಿಕ್ಕಿತು, ಅದರ ಆಧಾರದ ಮೇಲೆ ಮುಕ್ತಾಯ ಬರೆದಿದ್ದೇವೆ ಎಂದು ಅವರು ಹೇಳಿದರು. ಒಂದು ಸಂಪುಟದಲ್ಲಿ ಮುಗಿಯದೆ ಅದು ಎರಡಾಯಿತು: 2006ರ ‘ಹಂಟರ್ಸ್ ಆಫ್ ಡ್ಯೂನ್’, 2007ರ ‘ಸ್ಯಾಂಡ್‌ವರ್ಮ್ಸ್ ಆಫ್ ಡ್ಯೂನ್’. ಅದರಲ್ಲಿ ಆ ಮುದುಕ ಮುದುಕಿ ಯಾರು ಎಂದು ಗೊತ್ತಾಗುತ್ತದೆ. ಅವರು ಓಮ್ನಿಯಸ್ ಮತ್ತು ಎರಾಸ್ಮಸ್. ಒಂದು ಯಂತ್ರಸಾಮ್ರಾಜ್ಯದ ಮಿದುಳು, ಇನ್ನೊಂದು ಮನುಷ್ಯರನ್ನು ಕೊಯ್ದು ನೋಡುವ ರೋಬಾಟ್. ಈ ಎರಡೂ ಪಾತ್ರಗಳು ಫ್ರಾಂಕ್ ಹರ್ಬರ್ಟ್ ಅವರ ಆರು ಪುಸ್ತಕಗಳಲ್ಲಿ ಎಲ್ಲಿಯೂ ಇಲ್ಲ. ಮಗ ಮತ್ತು ಆಂಡರ್ಸನ್ 2002ರಿಂದ ಬರೆದ ಪೂರ್ವಕಥೆಗಳಲ್ಲಿ ಹುಟ್ಟಿದವು.

ಇಲ್ಲಿ ಅಭಿಮಾನಿಗಳು ಸಿಡಿದರು. ಅವರ ಸಿಟ್ಟನ್ನು ಹಠಮಾರಿಗಳ ಗಲಾಟೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ತಳ್ಳಲಾರೆ. ಅದರಲ್ಲಿ ಒಂದು ಗಟ್ಟಿ ವಾದವಿದೆ, ಅದನ್ನು ನಿಧಾನವಾಗಿ ಹೇಳಬೇಕು.

ಡ್ಯೂನ್ ಲೋಕದಲ್ಲಿ ಕಂಪ್ಯೂಟರುಗಳಿಲ್ಲ. ಕಥೆ ನಡೆಯುವುದಕ್ಕೆ ಹತ್ತು ಸಾವಿರ ವರ್ಷ ಮೊದಲು ಬಟ್ಲೇರಿಯನ್ ಜಿಹಾದ್ ಎಂಬ ದಂಗೆಯಲ್ಲಿ ಯೋಚಿಸುವ ಯಂತ್ರಗಳನ್ನೆಲ್ಲ ನಾಶ ಮಾಡಲಾಗಿದೆ. ಆ ದಂಗೆ ಏಕೆ ಎದ್ದಿತು? 1965ರ ಮೊದಲ ಪುಸ್ತಕದ ಆರಂಭದಲ್ಲಿಯೇ, ಕಥಾನಾಯಕನಾದ ಹುಡುಗ ಪಾಲ್‌ನನ್ನು ಪರೀಕ್ಷಿಸಲು ಬಂದ ಮುದುಕಿ ಅದನ್ನು ಹೇಳಿಬಿಡುತ್ತಾಳೆ. ಬಿಡುಗಡೆ ಸಿಗಬಹುದೆಂದು ಮನುಷ್ಯರು ತಮ್ಮ ಯೋಚನೆಯನ್ನು ಯಂತ್ರಗಳಿಗೆ ಒಪ್ಪಿಸಿದರು, ಅದರಿಂದ ಆದದ್ದೆಂದರೆ ಯಂತ್ರಗಳನ್ನು ಕೈಯಲ್ಲಿ ಹಿಡಿದ ಬೇರೆ ಮನುಷ್ಯರು ಇವರನ್ನು ದಾಸರನ್ನಾಗಿ ಮಾಡಿಕೊಂಡರು. ಗಮನಿಸಿ, ದಾಸರನ್ನಾಗಿ ಮಾಡಿದ್ದು ಯಂತ್ರಗಳಲ್ಲ, ಯಂತ್ರವುಳ್ಳ ಮನುಷ್ಯರು. ಈ ಒಂದು ಮಾತಿನ ಮೇಲೆ ಇಡೀ ಸರಣಿ ನಿಂತಿದೆ. ಯೋಚಿಸುವ ಕೆಲಸವನ್ನು ಇನ್ನೊಬ್ಬರಿಗೆ, ಅದು ಯಂತ್ರವಿರಲಿ, ನಾಯಕನಿರಲಿ, ದೇವರಿರಲಿ, ಒಪ್ಪಿಸಿಬಿಟ್ಟ ಜನ ಏನಾಗುತ್ತಾರೆ ಎಂಬುದೇ ಹರ್ಬರ್ಟ್ ಅವರ ವಸ್ತು. ಹೊಸ ಪುಸ್ತಕಗಳಲ್ಲಿ ಈ ದಂಗೆ ಕ್ರೂರ ರೋಬಾಟ್‌ಗಳಿಗೂ ಮನುಷ್ಯರಿಗೂ ನಡೆದ ನೇರ ಯುದ್ಧವಾಯಿತು. ರೋಬಾಟ್ ಒಂದು ತಾಯಿಯ ಕಣ್ಣೆದುರೇ ಅವಳ ಮಗುವನ್ನು ಕೊಲ್ಲುತ್ತದೆ, ಯುದ್ಧ ಹತ್ತಿಕೊಳ್ಳುತ್ತದೆ. ಕಥೆ ಓಡುತ್ತದೆ, ನಿಜ. ಆದರೆ ತಪ್ಪು ಯಾರದು ಎಂಬ ಪ್ರಶ್ನೆಯ ಮುಖವೇ ತಿರುಗಿತು. ಮೊದಲು ಬೆರಳು ನಮ್ಮ ಕಡೆಗಿತ್ತು, ಈಗ ಲೋಹದ ರಾಕ್ಷಸನ ಕಡೆಗೆ ಹೋಯಿತು. ಗ್ರಹದ ಹೆಸರು ತಪ್ಪಾಯಿತು, ಇಸವಿ ತಾಳೆಯಾಗಲಿಲ್ಲ ಎಂಬ ದೂರುಗಳೂ ಬೇಕಾದಷ್ಟು ಇದ್ದವು. ಅವುಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದನ್ನು ಹಿಡಿಯುತ್ತೇನೆ.

ಆ ಟಿಪ್ಪಣಿಯನ್ನು ನಮಗೂ ತೋರಿಸಿ ಎಂದು ಓದುಗರು ಕೇಳುತ್ತಲೇ ಬಂದರು. ಅದು ನ್ಯಾಯವಾದ ಬೇಡಿಕೆಯೇ ಎಂದು ನಾನು ಬಹಳ ಯೋಚಿಸಿದ್ದೇನೆ. ಕಾನೂನಿನಂತೆ ಅಲ್ಲ. ಆಸ್ತಿ ಮನೆಯವರದು, ತೋರಿಸುವುದೂ ಬಿಡುವುದೂ ಅವರ ಇಷ್ಟ. ಆದರೆ ‘ಇದು ಅಪ್ಪ ಬಯಸಿದ್ದ ಮುಕ್ತಾಯ’ ಎಂದು ಹೇಳಿ ಪುಸ್ತಕ ಮಾರುವಾಗ, ಎಷ್ಟು ಪಾಲು ಅಪ್ಪನದು, ಎಷ್ಟು ಹೊಸ ಲೇಖಕರದು ಎಂದು ತಿಳಿಯುವ ಆಸೆ ಓದುಗನಿಗೆ ಹುಟ್ಟದೆ ಇರುತ್ತದೆಯೇ?

ಕನ್ನಡದಲ್ಲಿ ನಮಗೆ ‘ಅಭಿಮಾನಿ’ ಎಂಬ ಪದವಿದೆ. ಇಂಗ್ಲಿಷಿನ ‘ಫ್ಯಾನ್’ ಎಂಬುದಕ್ಕೆ ಸಮನಾಗಿ ಬಳಸುತ್ತೇವೆ. ಆದರೆ ‘ಫ್ಯಾನ್’ ಹುಟ್ಟಿದ್ದು ಮತಾಂಧ ಎಂಬ ಅರ್ಥದ ಪದದಿಂದ. ನಮ್ಮ ಪದದ ಬೇರು ಬೇರೆ. ಅಭಿಮಾನ ಎಂದರೆ ಪ್ರೀತಿ, ಹೆಮ್ಮೆ, ಸ್ವಂತ ಮರ್ಯಾದೆ, ಇವೆಲ್ಲಕ್ಕೂ ತಳದಲ್ಲಿ ‘ಇದು ನನ್ನದು’ ಎಂಬ ಭಾವ. ಹಾಗಾಗಿಯೇ ಅಭಿಮಾನಕ್ಕೆ ಭಂಗವೂ ಬರುತ್ತದೆ. ಒಂದು ಕೆಟ್ಟ ಕಾದಂಬರಿ ಓದಿದರೆ ನಮಗೆ ಬೇಸರವಾಗುತ್ತದೆ, ಪುಸ್ತಕ ಪಕ್ಕಕ್ಕಿಡುತ್ತೇವೆ. ಪ್ರೀತಿಯ ಸರಣಿಯ ಕೆಟ್ಟ ಮುಂದುವರಿಕೆ ಓದಿದರೆ ಆಗುವುದು ಬೇಸರವಲ್ಲ, ಅಭಿಮಾನಭಂಗ. 1985ರಿಂದ 2006ರವರೆಗೆ 21 ವರ್ಷ ಆ ಕಥೆ ನಿಂತ ಜಾಗ ಖಾಲಿ ಇರಲಿಲ್ಲ. ಅಲ್ಲಿ ಓದುಗರು ಮನೆ ಕಟ್ಟಿಕೊಂಡಿದ್ದರು. ಒಬ್ಬೊಬ್ಬರದು ಒಂದೊಂದು ಮುಕ್ತಾಯ. ಹೊಸ ಪುಸ್ತಕ ಚೆನ್ನಾಗಿದ್ದರೂ ಆ ಮನೆಗಳಲ್ಲಿ ಎಷ್ಟೋ ಕೆಡವಲೇಬೇಕಾಗಿತ್ತು. ಚೆನ್ನಾಗಿಲ್ಲದಿದ್ದಾಗ ಕೆಡವಿದ್ದರ ನೋವು ಇಮ್ಮಡಿಯಾಯಿತು.

ಬೇರೆಯವರು ಬರೆದದ್ದಕ್ಕೆ ಹೀಗಾಯಿತು, ಮೂಲ ಲೇಖಕರೇ ಬರೆದಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ ಎಂದು ನೀವು ಅನ್ನಬಹುದು. ಚರಿತ್ರೆ ಹಾಗೆ ಹೇಳುವುದಿಲ್ಲ. ‘ಡ್ಯೂನ್’ ಮೊದಲು ಧಾರಾವಾಹಿಯಾಗಿ ಬಂದದ್ದು ‘ಅನಲಾಗ್’ ಪತ್ರಿಕೆಯಲ್ಲಿ. ಅದರ ಸಂಪಾದಕ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ ಅವರಿಗೆ ಆ ಕಥೆ ಬಹಳ ಮೆಚ್ಚುಗೆಯಾಗಿತ್ತು. ಹರ್ಬರ್ಟ್ ಎರಡನೆಯ ಭಾಗ ‘ಡ್ಯೂನ್ ಮೆಸೈಯಾ’ ಕಳಿಸಿದಾಗ ಅದೇ ಕ್ಯಾಂಪ್‌ಬೆಲ್ ತಿರಸ್ಕರಿಸಿದರು. ಗೆದ್ದ ನಾಯಕ ಅದರಲ್ಲಿ ತನ್ನ ಗೆಲುವಿನ ಕೈದಿಯಾಗಿ, ಸೋತು, ಕುರುಡನಾಗಿ ಮರಳುಗಾಡಿಗೆ ನಡೆದುಹೋಗುತ್ತಾನೆ. ಕ್ಯಾಂಪ್‌ಬೆಲ್ ಅವರಿಗೆ ವೀರ ಬೇಕಾಗಿತ್ತು. ಕಥೆ 1969ರಲ್ಲಿ ‘ಗ್ಯಾಲಕ್ಸಿ’ ಎಂಬ ಬೇರೊಂದು ಪತ್ರಿಕೆಯಲ್ಲಿ ಬಂತು. ವೀರನನ್ನು ನಂಬಬೇಡಿ ಎಂದು ಹೇಳಲೆಂದೇ ಹರ್ಬರ್ಟ್ ಮೊದಲ ಪುಸ್ತಕ ಬರೆದಿದ್ದರು, ಅದನ್ನು ಓದಿದವರು ವೀರನನ್ನೇ ಪ್ರೀತಿಸಿಬಿಟ್ಟಿದ್ದರು. ಇಲ್ಲಿ ಅಭಿಮಾನ ತಪ್ಪಿತ್ತು, ಲೇಖಕ ಸರಿಯಿದ್ದರು. ಇವತ್ತು ‘ಮೆಸೈಯಾ’ ಇಲ್ಲದೆ ‘ಡ್ಯೂನ್’ ಅರ್ಥವಾಗದು ಎನ್ನುವವರಲ್ಲಿ ನಾನೂ ಒಬ್ಬ.

ಐಸಾಕ್ ಅಸಿಮೊವ್ ಅವರ ಕಥೆ ಇನ್ನೂ ವಿಚಿತ್ರ. ‘ಫೌಂಡೇಶನ್’ನ ಮೊದಲ ಮೂರು ಪುಸ್ತಕಗಳು 1951ರಿಂದ 1953ರ ನಡುವೆ ಬಂದವು. ಸಾಮ್ರಾಜ್ಯ ಕುಸಿದ ಮೇಲೆ ಸಾವಿರ ವರ್ಷದಲ್ಲಿ ಹೊಸದೊಂದನ್ನು ಕಟ್ಟುವ ಗಣಿತದ ಯೋಜನೆ ಅದರ ವಸ್ತು. ನಾನೂರು ವರ್ಷ ತುಂಬುವ ಮೊದಲೇ ಕಥೆ ನಿಂತಿತು. 1966ರಲ್ಲಿ ಸಾರ್ವಕಾಲಿಕ ಶ್ರೇಷ್ಠ ಸರಣಿ ಎಂದು ಅದಕ್ಕೆ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಸಿಕ್ಕಿತು. ಮುಂದೇನು ಎಂದು ಓದುಗರು ಕೇಳುತ್ತಲೇ ಇದ್ದರು, ಪ್ರಕಾಶಕರೂ ಬಿಡಲಿಲ್ಲ. ಕೊನೆಗೆ ಎಂದಿನ ಮುಂಗಡಕ್ಕಿಂತ ಹತ್ತು ಪಟ್ಟು, 50,000 ಡಾಲರ್, ಕೊಡುತ್ತೇವೆ ಎಂದಾಗ ಅಸಿಮೊವ್ ಒಪ್ಪಿಕೊಂಡರು. ಬರೆಯಲು ಕೂರುವ ಮೊದಲು ತಮ್ಮದೇ ಹಳೆಯ ಮೂರು ಪುಸ್ತಕಗಳನ್ನು ಓದಿದರು. ಓದುತ್ತ ಹೋದಂತೆ ಏನಾದರೂ ನಡೆಯುತ್ತದೆ ಎಂದು ಕಾದೆ, ಏನೂ ನಡೆಯಲಿಲ್ಲ, ಎಲ್ಲ ಬರೀ ಮಾತುಕತೆ ಎಂಬ ಅರ್ಥದಲ್ಲಿ ಅವರೇ ಬರೆದುಕೊಂಡಿದ್ದಾರೆ. ಆದರೂ ಓದುವುದನ್ನು ನಿಲ್ಲಿಸಲು ಅವರಿಂದಾಗಲಿಲ್ಲ! ಲೇಖಕ ತನ್ನ ಪುಸ್ತಕಕ್ಕೆ ಅಭಿಮಾನಿಯಾದ ಆ ಗಳಿಗೆ ನನಗೆ ತುಂಬ ಇಷ್ಟ.

ಆಮೇಲೆ ಬಂದದ್ದು 1982ರ ‘ಫೌಂಡೇಶನ್ಸ್ ಎಡ್ಜ್’. 29 ವರ್ಷದ ನಂತರ ಬಂದ ಅದಕ್ಕೆ ಭರ್ಜರಿ ಮಾರಾಟವೂ ಹ್ಯೂಗೊ ಪ್ರಶಸ್ತಿಯೂ ಸಿಕ್ಕವು. ಜೊತೆಗೆ ಒಂದು ಗೊಣಗಾಟವೂ ಹುಟ್ಟಿತು, ಅದು ಇನ್ನೂ ನಿಂತಿಲ್ಲ. ಹೊಸ ಪುಸ್ತಕದಲ್ಲಿ ಸಾವಿರ ವರ್ಷದ ಯೋಜನೆಯನ್ನು ಬದಿಗೆ ಸರಿಸಿ, ಇಡೀ ಗ್ಯಾಲಕ್ಸಿ ಒಂದೇ ಮನಸ್ಸಾಗುವ ಬೇರೊಂದು ದಾರಿಯನ್ನು ಆರಿಸಲಾಗುತ್ತದೆ. 1986ರ ‘ಫೌಂಡೇಶನ್ ಅಂಡ್ ಅರ್ಥ್’ನ ಕೊನೆಯಲ್ಲಿ, ಇದೆಲ್ಲದರ ಹಿಂದೆ ಇಪ್ಪತ್ತು ಸಾವಿರ ವರ್ಷ ಬಾಳಿದ ರೋಬಾಟ್ ಒಂದು ಇತ್ತು ಎಂದು ತಿಳಿಯುತ್ತದೆ. ಅಸಿಮೊವ್ ತಮ್ಮ ರೋಬಾಟ್ ಕಥೆಗಳನ್ನೂ ಫೌಂಡೇಶನ್ ಕಥೆಗಳನ್ನೂ ಒಂದೇ ದಾರದಲ್ಲಿ ಪೋಣಿಸಿದ್ದರು. ಕೆಲವರಿಗೆ ಅದು ರೋಮಾಂಚನ. ನನಗೆ ಹಾಗಾಗಲಿಲ್ಲ. ಮನುಷ್ಯರೇ, ಯಾವ ದೇವರ ಕೈಯೂ ಇಲ್ಲದೆ, ಲೆಕ್ಕ ಹಾಕಿ ತಮ್ಮ ನಾಳೆಯನ್ನು ಕಟ್ಟುತ್ತಾರೆ ಎಂಬುದು ಹಳೆಯ ಪುಸ್ತಕಗಳ ಬೆಡಗು. ಅದರ ಮೇಲೊಬ್ಬ ಕಾಯುವವನನ್ನು ಕೂರಿಸಿದಾಗ ಆ ಬೆಡಗು ಕುಗ್ಗಿತು. ಲೇಖಕರು ಅವರೇ, ಪಾತ್ರಗಳು ಅವರವೇ, ಹಕ್ಕು ಪೂರ್ತಿ ಅವರದೇ. ಆದರೂ ಓದುಗನಾಗಿ ನನಗೆ ‘ಬೇಡವಾಗಿತ್ತು’ ಎನ್ನುವ ಸ್ವಾತಂತ್ರ್ಯವಿದೆ. ಅಲ್ಲಿಂದ ಮುಂದಕ್ಕೆ ಕಥೆಯನ್ನು ಹೇಗೆ ಒಯ್ಯುವುದೆಂದು ಅಸಿಮೊವ್ ಅವರಿಗೂ ಹೊಳೆಯಲಿಲ್ಲ, ಅವರು ಹಿಂದಿನ ಕಾಲದ ಕಥೆಗೆ ತಿರುಗಿದರು.

ಅವರು 1992ರಲ್ಲಿ ತೀರಿಕೊಂಡ ಮೇಲೆ ಗ್ರೆಗರಿ ಬೆನ್‌ಫೋರ್ಡ್, ಗ್ರೆಗ್ ಬೇರ್, ಡೇವಿಡ್ ಬ್ರಿನ್ ಒಬ್ಬೊಬ್ಬರು ಒಂದರಂತೆ ಮೂರು ಕಾದಂಬರಿ ಬರೆದರು. ಮೂವರೂ ದೊಡ್ಡ ಲೇಖಕರು. ಬೆನ್‌ಫೋರ್ಡ್ ಅವರ ಪುಸ್ತಕದಲ್ಲಿ ಜೋನ್ ಆಫ್ ಆರ್ಕ್ ಮತ್ತು ವೋಲ್ಟೇರ್ ಕಂಪ್ಯೂಟರ್ ಪ್ರತಿರೂಪಗಳಾಗಿ ಎದ್ದು ಬಂದು ವಾದ ಮಾಡುತ್ತಾರೆ. ಜಾಣತನಕ್ಕೆ ಕೊರತೆಯಿಲ್ಲ, ಆದರೆ ಅಸಿಮೊವ್ ಅವರ ಸರಳ ದನಿಗೆ ಒಗ್ಗಿದವರಿಗೆ ಅದು ಬೇರೆ ಯಾರದೋ ಮನೆಯಂತೆ ಕಂಡಿತು.

ಆರ್ಥರ್ ಸಿ. ಕ್ಲಾರ್ಕ್ ಅವರ ರಾಮ ನೌಕೆಯ ಬಗ್ಗೆ ಎರಡೇ ಮಾತು. 1973ರ ‘ರೆಂಡೆವೂ ವಿತ್ ರಾಮ’ ಕಾದಂಬರಿಯಲ್ಲಿ ರಾಮ ಎಂಬ ಅನ್ಯಲೋಕದ ನೌಕೆ ಸೂರ್ಯನ ಬಳಿಗೆ ಬಂದು, ಮನುಷ್ಯರನ್ನು ಕಣ್ಣೆತ್ತಿಯೂ ನೋಡದೆ ಹೊರಟುಹೋಗುತ್ತದೆ. ಆ ನಿರ್ಲಕ್ಷ್ಯವೇ ಪುಸ್ತಕದ ಜೀವ. ಆ ನೌಕೆ ಕಟ್ಟಿದ ರಾಮರು ಎಲ್ಲವನ್ನೂ ಮೂರು ಮೂರಾಗಿ ಮಾಡುತ್ತಾರೆ ಎಂಬ ಕೊನೆಯ ಸಾಲನ್ನು ಮುಂದುವರಿಕೆಯ ಯೋಚನೆಯಿಲ್ಲದೆ ಸೇರಿಸಿದ್ದೆ ಎಂದು ಕ್ಲಾರ್ಕ್ ಹೇಳಿದ್ದಾರೆ. ಹದಿನಾರು ವರ್ಷದ ಮೇಲೆ, 1989ರಿಂದ, ಜೆಂಟ್ರಿ ಲೀ ಅವರ ಜೊತೆ ಮೂರು ಭಾಗ ಬಂದವು, ಸಂಸಾರ, ಜಗಳ, ವಿವರಣೆ ಎಲ್ಲವೂ ಬಂದವು. ಮೌನವಾಗಿದ್ದದ್ದು ಮಾತಾಡಲು ಶುರು ಮಾಡಿತು. ನಾನು ಎರಡನೆಯದರಲ್ಲಿಯೇ ನಿಲ್ಲಿಸಿದೆ.

ಹಾಗಾದರೆ ಮುಂದುವರಿಕೆಯೇ ತಪ್ಪೇ? ಇಲ್ಲ. ‘ಸ್ಟಾರ್ ಟ್ರೆಕ್’ ನೋಡಿ. 1982ರ ಎರಡನೆಯ ಚಿತ್ರದಲ್ಲಿ ಜನರ ಅಚ್ಚುಮೆಚ್ಚಿನ ಪಾತ್ರ ಸ್ಪಾಕ್ ಸಾಯುತ್ತಾನೆ ಎಂಬ ಗುಟ್ಟು ಚಿತ್ರ ಬರುವ ಮೊದಲೇ ಸೋರಿತು. ಅಭಿಮಾನಿಗಳು ಪತ್ರ ಬರೆದರು, ಪ್ರತಿಭಟಿಸಿದರು. ನಿರ್ದೇಶಕ ನಿಕೋಲಸ್ ಮೇಯರ್ ಸಾವನ್ನು ಕೈಬಿಡಲಿಲ್ಲ. ಬದಲಿಗೆ ಚಿತ್ರದ ಆರಂಭದಲ್ಲಿಯೇ ಸ್ಪಾಕ್ ಸತ್ತಂತೆ ತೋರಿಸಿ, ಅದು ತರಬೇತಿಯ ಅಣಕು ಕಾಳಗ ಎಂದು ಬಿಡಿಸಿದರು. ಓ, ಸೋರಿದ ಗುಟ್ಟು ಇಷ್ಟೇ ಎಂದು ಜನ ನಿರಾಳರಾದರು. ಕೊನೆಯಲ್ಲಿ ನಿಜವಾದ ಸಾವು ಬಂದಾಗ ಯಾರೂ ಅದಕ್ಕೆ ಸಿದ್ಧರಿರಲಿಲ್ಲ. ಅಭಿಮಾನಿಗಳ ಕೂಗನ್ನು ಕೇಳಿಸಿಕೊಂಡು, ಅದಕ್ಕೆ ಮಣಿಯದೆ, ಅದನ್ನೇ ಕಥೆಯ ಕಸುಬಿಗೆ ಬಳಸಿಕೊಂಡ ಇಂಥ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ. 1987ರಲ್ಲಿ ಹಳೆಯ ನಟರಿಲ್ಲದೆ ‘ನೆಕ್ಸ್ಟ್ ಜನರೇಶನ್’ ಎಂಬ ಟಿವಿ ಧಾರಾವಾಹಿ ಶುರುವಾದಾಗಲೂ ಇದು ಸ್ಟಾರ್ ಟ್ರೆಕ್ಕೇ ಅಲ್ಲ ಎಂದವರು ಬಹಳ. ಅದು ಏಳು ವರ್ಷ ನಡೆಯಿತು. ಬೇಡ ಎಂದವರ ಪೈಕಿ ಎಷ್ಟೋ ಜನರಿಗೆ ಈಗ ಅದೇ ಹಳೆಯ ಚಿನ್ನ.

‘ಸ್ಟಾರ್ ವಾರ್ಸ್’ನಲ್ಲಿ ನೋವಿನ ಬಗೆ ಇನ್ನೊಂದು. 1991ರಲ್ಲಿ ತಿಮೊಥಿ ಜಾನ್ ಬರೆದ ಕಾದಂಬರಿಯಿಂದ ಶುರುವಾಗಿ, 1983ರ ಚಿತ್ರದ ನಂತರ ಏನಾಯಿತು ಎಂಬ ಕಥೆಗಳು ಎರಡು ದಶಕ ಪುಸ್ತಕಗಳಲ್ಲಿ ಬೆಳೆದವು. 2012ರಲ್ಲಿ ಆ ಚಿತ್ರಗಳನ್ನು ಮಾಡುವ ಲ್ಯೂಕಾಸ್‌ಫಿಲ್ಮ್ ಕಂಪನಿಯನ್ನು ಡಿಸ್ನಿ ಕೊಂಡಿತು. 2014ರ ಏಪ್ರಿಲ್‌ನಲ್ಲಿ ಆ ಕಥೆಗಳನ್ನೆಲ್ಲ ‘ಲೆಜೆಂಡ್ಸ್’ ಎಂದು ಕರೆದು ಬದಿಗಿಡಲಾಯಿತು, ಹೊಸ ಚಿತ್ರಗಳಿಗೆ ಅವು ಲೆಕ್ಕಕ್ಕಿಲ್ಲ ಎಂದಾಯಿತು. ಪುಸ್ತಕಗಳು ಕಪಾಟಿನಲ್ಲಿಯೇ ಇದ್ದವು, ಯಾರೂ ಕಿತ್ತುಕೊಂಡಿರಲಿಲ್ಲ. ಆದರೂ ಓದುಗರಿಗೆ ಏನನ್ನೋ ಕಳೆದುಕೊಂಡಂತಾಯಿತು. ಇಪ್ಪತ್ತು ವರ್ಷ ನಡೆದದ್ದು ಎಂದು ನಂಬಿದ್ದು ನಡೆದೇ ಇಲ್ಲ ಎಂದು ಯಾರೋ ಬಂದು ಹೇಳಿದರೆ ಹೇಗಿರುತ್ತದೆ?

2017ರ ‘ದಿ ಲಾಸ್ಟ್ ಜೆಡೈ’ ಕುರಿತ ಜಗಳ ನಿಮಗೆಲ್ಲ ಗೊತ್ತು. ಹಳೆಯ ಚಿತ್ರಗಳ ನಾಯಕ ಲ್ಯೂಕ್ ಸ್ಕೈವಾಕರ್ ಸೋತು, ದ್ವೀಪವೊಂದರಲ್ಲಿ ಅವಿತು, ಕೈಗೆ ಬಂದ ತನ್ನ ಹಳೆಯ ಆಯುಧವನ್ನು ಹೆಗಲ ಹಿಂದಕ್ಕೆ ಎಸೆಯುತ್ತಾನೆ. ಆ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್ ಅವರೇ ಇದು ತಮ್ಮ ಲ್ಯೂಕ್ ಅಲ್ಲ ಎಂಬ ಮಾತು ಆಡಿದ್ದರು. ನನ್ನ ಅಭಿಪ್ರಾಯ ಬೇರೆ. 1983ರಲ್ಲಿ ಚಕ್ರವರ್ತಿಯ ಮುಂದೆ ಆಯುಧ ಎಸೆದು, ಕೊಲ್ಲಲು ಒಪ್ಪದವನೇ ಲ್ಯೂಕ್. ಅವನು ಮೂವತ್ತು ವರ್ಷದಲ್ಲಿ ಆ ದಾರಿಯಲ್ಲಿ ಎಡವಿದ ಎನ್ನುವುದು ನನಗೆ ಪ್ರಾಮಾಣಿಕ ಕಲ್ಪನೆಯಾಗಿ ಕಂಡಿತು. ಅಭಿಮಾನಿಗಳ ತಲೆಯಲ್ಲಿದ್ದ ಮೂವತ್ತು ವರ್ಷ ಬೇರೆಯಾಗಿತ್ತು, ಅಷ್ಟೇ. 2019ರ ಮುಂದಿನ ಚಿತ್ರ ಆ ಸಿಟ್ಟಿಗೆ ಹೆದರಿದಂತೆ ನಡೆದುಕೊಂಡಿತು. ಯಾರೂ ಅಲ್ಲದವರ ಮಗಳು ಎಂದಿದ್ದ ಹೊಸ ಚಿತ್ರಗಳ ನಾಯಕಿ ರೇ ಇದ್ದಕ್ಕಿದ್ದಂತೆ ಚಕ್ರವರ್ತಿಯ ಮೊಮ್ಮಗಳಾದಳು. ಸಿಟ್ಟಾಗಿದ್ದವರೂ ತಣಿಯಲಿಲ್ಲ, ಮೆಚ್ಚಿದ್ದವರೂ ನೊಂದರು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಆ 2017ರ ಚಿತ್ರದಲ್ಲಿ ನಟಿಸಿದ ಕೆಲಿ ಮರಿ ಟ್ರಾನ್ ಅವರ ಮೇಲೆ ಜನಾಂಗ, ಮೈಕಟ್ಟು ಹಿಡಿದು ಬೈಗುಳದ ಮಳೆ ಸುರಿಯಿತು. 2018ರಲ್ಲಿ ಅವರು ಇನ್‌ಸ್ಟಾಗ್ರಾಮ್‌ನಲ್ಲಿದ್ದ ತಮ್ಮ ಚಿತ್ರಗಳನ್ನೆಲ್ಲ ಅಳಿಸಿದರು. ಅದೇ ವರ್ಷ, 1999ರ ಚಿತ್ರದಲ್ಲಿ ಜಾರ್ ಜಾರ್ ಪಾತ್ರ ಮಾಡಿದ್ದ ಅಹ್ಮದ್ ಬೆಸ್ಟ್, ಅಂದಿನ ನಿಂದೆಯಿಂದ ತಾವು ಸಾಯುವ ಯೋಚನೆಯವರೆಗೆ ಹೋಗಿದ್ದನ್ನು ಹೇಳಿಕೊಂಡರು. ಕಥೆಯ ಜೊತೆ ಜಗಳವಾಡುವುದು ಅಭಿಮಾನ. ನಟಿಯ ಮುಖದ ಜೊತೆ ಜಗಳವಾಡುವವನಿಗೆ ಆ ಪದವನ್ನು ನಾನು ಕೊಡಲಾರೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಹೊಸ ಡ್ಯೂನ್ ಪುಸ್ತಕಗಳನ್ನು ಇಷ್ಟಪಟ್ಟವರು ದಡ್ಡರೇ?

ಖಂಡಿತ ಅಲ್ಲ. ನನ್ನ ಗೆಳತಿಯೊಬ್ಬಳು ಹದಿಹರೆಯದಲ್ಲಿ ಮೊದಲು ಓದಿದ್ದು 1999ರ ‘ಹೌಸ್ ಅಟ್ರೈಡಿಸ್’. ಅದು ಅವಳಿಗೆ ಸುಲಭವಾಗಿ ಒಳಗೆ ಬಿಟ್ಟ ಬಾಗಿಲು. ಅಲ್ಲಿಂದ 1965ರ ಪುಸ್ತಕಕ್ಕೆ ಬಂದಳು. ಪಾಲ್‌ನ ತಂದೆ ಲೀಟೊ ಡ್ಯೂಕ್ ಸಾಯುವ ಅಧ್ಯಾಯದಲ್ಲಿ ನನಗಿಂತ ಹೆಚ್ಚು ಅತ್ತಳು, ಏಕೆಂದರೆ ಅವಳಿಗೆ ಅವನು ಹುಡುಗನಾಗಿದ್ದಾಗಿನಿಂದ ಗೊತ್ತಿತ್ತು. ಅವಳ ಆ ಕಣ್ಣೀರಿಗೆ ನಾನು ಏನು ಉತ್ತರ ಕೊಡಲಿ? ಬಟ್ಲೇರಿಯನ್ ಜಿಹಾದ್ ಬಗ್ಗೆ ನಾವಿಬ್ಬರೂ ಈಗಲೂ ವಾದ ಮಾಡುತ್ತೇವೆ. ಪಾಲ್‌ನನ್ನು ಪರೀಕ್ಷಿಸಿದ ಮುದುಕಿಯ ಮಾತನ್ನು ತೆರೆದು ಓದಿ ತೋರಿಸಿದ ದಿನ ಮಾತ್ರ ಅವಳು ಬಹಳ ಹೊತ್ತು ಸುಮ್ಮನಿದ್ದಳು.

ಇನ್ನೊಬ್ಬರು, ಚಿಕ್ಕ ವಯಸ್ಸಿನವರು, ಕೇಳಿದರು: ನಾನೀಗ ಆರನೆಯ ಪುಸ್ತಕದಲ್ಲಿದ್ದೇನೆ, ಮುಗಿದ ಮೇಲೆ ಏಳನೆಯದನ್ನು ಓದಲೇ, ಬಿಡಲೇ?

ಓದಿ. ಆದರೆ ಮರುದಿನವೇ ಬೇಡ. ಆರನೆಯದನ್ನು ಮುಚ್ಚಿ, ಒಂದು ಹಾಳೆ ತೆಗೆದುಕೊಂಡು, ಆ ಮುದುಕ ಮುದುಕಿ ಯಾರು, ನೌಕೆ ಎಲ್ಲಿಗೆ ಹೋಯಿತು ಎಂದು ನಿಮಗೆ ತೋಚಿದ್ದನ್ನು ಬರೆಯಿರಿ. ಕೆಲವು ತಿಂಗಳು ಅದರ ಜೊತೆ ಇರಿ, ಬೇಕೆನಿಸಿದರೆ ತಿದ್ದಿ. ಆಮೇಲೆ 2006ರ ಪುಸ್ತಕ ತೆರೆಯಿರಿ. ನಿಮಗೆ ಸಿಟ್ಟು ಬಂದರೆ ಯಾವ ಸಾಲಿನಲ್ಲಿ ಬಂತು ಎಂದು ಗುರುತು ಹಾಕಿ, ಖುಷಿಯಾದರೂ ಹಾಗೆಯೇ ಮಾಡಿ. ಮುಂದಿನ ಕೂಟಕ್ಕೆ ಆ ಹಾಳೆಯನ್ನೂ ಪುಸ್ತಕವನ್ನೂ ತನ್ನಿ, ನಾನು ನನ್ನದನ್ನು ತರುತ್ತೇನೆ.